ಎಂಟು ಬಟ್ಟಲು, ಹನ್ನೆರಡು ಕೆಮ್ಮು

ಶಂಕರಪುರಂನ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಶ್ರದ್ಧೆಯಿಂದ ಬರೆಯಲು ಕೂತರೆ, ಈ ವರ್ಷದ ಜನವರಿಯ ಎರಡನೆಯ ಬುಧವಾರ ರಾಮಸ್ವಾಮಿ ಮೇಷ್ಟರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದ ಸಂಗತಿಯನ್ನು ಬಿಡುವಂತಿಲ್ಲ. ಪ್ಲೇಗು ಬಂದು ಹೋದದ್ದನ್ನೂ ಮೆಟ್ರೊ ಬಂದು ನಿಂತದ್ದನ್ನೂ ಬರೆಯುವವರು ಇದಕ್ಕೆ ಅರ್ಧ ಪುಟವನ್ನಾದರೂ ಕೊಡಬೇಕು. ಏಕೆಂದರೆ ಆ ಸಾರು ಮಾಡಿದವರು ಮೇಷ್ಟರ ಹೆಂಡತಿ ಕೋಕಿಲಮ್ಮ.

"ಏನೇ ಕೋಕಿಲಾ, ಸಾರಿಗೆ ನೀರು ಸಮುದ್ರದಿಂದ ತರಿಸಿದ್ಯಾ?" ಎಂದರು ಭಾಗೀರಥಮ್ಮ, ಮೊದಲ ತುತ್ತಿಗೇ. ಭಾಗೀರಥಮ್ಮ ಮೇಷ್ಟರ ಅಕ್ಕ. ಎಂಬತ್ತೊಂದು ವರ್ಷ, ಕಿವಿ ಕಣ್ಣು ನಾಲಿಗೆ ಮೂರೂ ಚುರುಕು, ಅದರಲ್ಲೂ ಮೂರನೆಯದು.

"ಕೈ ತಪ್ತು ಅಕ್ಕ," ಎಂದರು ಕೋಕಿಲಮ್ಮ.

"ಈ ವಾರದಲ್ಲಿ ಮೂರು ಸಲ ತಪ್ತು. ಸೋಮವಾರ ಇಂಗು. ನಿನ್ನೆ ತುಪ್ಪ ಮುಗ್ಗಲು. ಇವತ್ತು ಇದು."

ಮೇಷ್ಟರು ತಲೆ ಎತ್ತದೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. "ನನಗೇನೂ ಜಾಸ್ತಿ ಅನ್ನಿಸ್ಲಿಲ್ಲ," ಎಂದರು. ರಕ್ತದೊತ್ತಡಕ್ಕೆ ಮಾತ್ರೆ ನುಂಗುವ ಮನುಷ್ಯ ಹೀಗೆ ಎರಡನೆಯ ಸಲ ಸಾರು ಹಾಕಿಸಿಕೊಳ್ಳುವುದು ಧೈರ್ಯವೋ ಪ್ರೀತಿಯೋ ಎಂದು ಭಾಗೀರಥಮ್ಮ ಒಂದು ಕ್ಷಣ ನೋಡಿದರು, ಆಮೇಲೆ ಮಜ್ಜಿಗೆ ಕೇಳಿದರು.

ಆ ಮನೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ದೇವರಿಗೆ ನೈವೇದ್ಯವಾಗುವ ಮೊದಲು ಅಡಿಗೆಯನ್ನು ಯಾರೂ ನಾಲಿಗೆಗೆ ಹಚ್ಚುವಂತಿಲ್ಲ. ಹಾಗಾಗಿ ಉಪ್ಪು, ಹುಳಿ, ಇಂಗು ಎಲ್ಲವನ್ನೂ ಅಡಿಗೆ ಮಾಡುವವರು ಹಬೆಯ ಮೇಲೇ ತಿಳಿದುಕೊಳ್ಳಬೇಕು. ಮೂಸಿ ನೋಡುವುದೂ ಒಂದು ರೀತಿಯಲ್ಲಿ ಎಂಜಲೇ ಅಲ್ಲವೇ ಎಂದು ಹಿಂದೊಮ್ಮೆ ಪುರೋಹಿತರು ಸಂಶಯ ಎತ್ತಿದಾಗ, ಹೊಸ ಸೊಸೆಯಾಗಿದ್ದ ಕೋಕಿಲಮ್ಮ ಬಾಗಿಲ ಹಿಂದಿನಿಂದ, "ನಾನು ಮೂಸಲ್ಲ, ಅದಾಗೇ ಬರತ್ತೆ," ಎಂದಿದ್ದರು. ಪುರೋಹಿತರು ಮುಂದಿನ ಮಂತ್ರಕ್ಕೆ ಹೋದರು.

ಅದಾಗೇ ಬರುತ್ತಿತ್ತು ಎಂಬುದು ನಿಜ. ಕುದಿಯುವ ಸಾರಿನಿಂದ ಮೊಳದುದ್ದ ದೂರ ನಿಂತು "ಇನ್ನೊಂದು ಚಿಟಿಕೆ ಉಪ್ಪು" ಎನ್ನುತ್ತಿದ್ದ ಮೂಗು ಅದು. ಸುತ್ತಮುತ್ತ ಮದುವೆ ಮುಂಜಿಯಾದರೆ, ಅಡಿಗೆ ಶೀನಣ್ಣ ಇನ್ನೂರು ಜನರ ಹುಳಿ ಇಳಿಸುವ ಮೊದಲು ಆಟೋ ಕಳಿಸಿ ಕೋಕಿಲಮ್ಮನವರನ್ನು ಕರೆಸುತ್ತಿದ್ದ. ಅವರು ಬಂದು ಕೊಪ್ಪರಿಗೆಯ ಪಕ್ಕ ಸೆರಗು ಸರಿ ಮಾಡಿಕೊಂಡು ನಿಂತು, "ಬೆಲ್ಲ ಹಾಕೋದು ಮರ್ತಿದೀಯ ಶೀನಣ್ಣ," ಎಂದರೆ ಮರೆತಿರುತ್ತಿದ್ದ.

ಎರಡನೆಯ ಅಲೆಯ ಕೋವಿಡ್ ಮನೆಯ ಮೂವರಿಗೂ ಬಂದು ಮೂವರನ್ನೂ ಬಿಟ್ಟು ಹೋಯಿತು. ಭಾಗೀರಥಮ್ಮನಿಂದ ಏನನ್ನೂ ತೆಗೆದುಕೊಂಡು ಹೋಗುವ ಧೈರ್ಯ ಅದಕ್ಕಾಗಲಿಲ್ಲ. ಮೇಷ್ಟರಿಂದ ಐದು ಕೇಜಿ ತೂಕ ಒಯ್ದಿತು. ಕೋಕಿಲಮ್ಮನಿಂದ ಏನು ಒಯ್ದಿತೆಂದು ಮೇಷ್ಟರಿಗೆ ತಿಳಿದದ್ದು ಎರಡು ತಿಂಗಳ ನಂತರ, ಒಂದು ಮಧ್ಯಾಹ್ನ, ನೀರು ಕುಡಿಯಲು ಹೋದಾಗ. ಕೋಕಿಲಮ್ಮ ಅಡಿಗೆಮನೆಯ ಕಟ್ಟೆಯ ಮೇಲೆ ಇಂಗಿನ ಡಬ್ಬಿ, ಕಾಫಿಪುಡಿ ಡಬ್ಬಿ, ಕರ್ಪೂರದ ಡಬ್ಬಿ ಮೂರನ್ನೂ ಸಾಲಾಗಿ ಇಟ್ಟುಕೊಂಡಿದ್ದರು. ಒಂದೊಂದನ್ನೇ ತೆರೆದು ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿ ಮತ್ತೊಮ್ಮೆ ಹಿಡಿದರು. ಆಮೇಲೆ ಮುಚ್ಚಳಗಳನ್ನು ಬಿಗಿಯಾಗಿ ಹಾಕಿ, ಒಂದೊಂದನ್ನೂ ಅದರದರ ಜಾಗದಲ್ಲಿಟ್ಟು, ಕಟ್ಟೆ ಒರೆಸಿದರು.

ಮೇಷ್ಟರು ನೀರು ಕುಡಿಯದೆ ಹಿಂದಿರುಗಿದರು.

ಇದು ಹೊರಗೆ ಬಿದ್ದರೆ ಕೋಕಿಲಮ್ಮ ಒಲೆಯ ಮುಂದಿನಿಂದ ಸದ್ದಿಲ್ಲದೆ ಸರಿದುಬಿಡುತ್ತಾರೆಂದು ಅವರಿಗೆ ಖಾತ್ರಿಯಿತ್ತು. ಶೀನಣ್ಣನ ಆಟೋ ಬಂದರೆ "ಮಂಡಿ ನೋವು" ಎಂದು ವಾಪಸ್ಸು ಕಳಿಸುವುದು ಆಗಲೇ ಶುರುವಾಗಿತ್ತು. ಹಾಗಾಗಿ ಮೇಷ್ಟರು ಯಾರಿಗೂ, ಹೆಂಡತಿಗೂ ಸಹ, ಏನೂ ಹೇಳಲಿಲ್ಲ. ಬದಲಿಗೆ ನಸ್ಯ ಬಿಟ್ಟರು.

ಇದು ಸಣ್ಣ ಮಾತಲ್ಲ. ನಲವತ್ತು ವರ್ಷ ಬಳೇಪೇಟೆಯ ಆಂಜಿನಯ್ಯನ ಅಂಗಡಿಯ ನಸ್ಯ ಏರಿಸಿ ಏರಿಸಿ ಮೇಷ್ಟರ ಮೂಗು ಹೊಗೆಗೂಡಿನಂತಾಗಿತ್ತು. ಅದನ್ನು ಮತ್ತೆ ಮನುಷ್ಯರ ಮೂಗಾಗಿ ಮಾಡಲು ಎಂಟು ತಿಂಗಳು ಬೇಕಾಯಿತು. ಡಾಕ್ಟರು ಬಿಡಲು ಹೇಳಿದರು ಎಂದು ಮನೆಯಲ್ಲಿ ಹೇಳಿದರು. ಅಂದಿನಿಂದ ಅವರು ಬೆಳಗಿನ ಹೊತ್ತು ಪೇಪರ್ ಓದುವ ಕುರ್ಚಿಯನ್ನು ಅಡಿಗೆಮನೆ ಬಾಗಿಲಿಗೆ ಸರಿಸಿಕೊಂಡರು. "ಏನೇ, ಇಂಗು ಪಕ್ಕದ ಮನೆಗೂ ಹೋಯ್ತು," ಎನ್ನುವರು. "ಎಲ್ಲೋ ತಳ ಹಿಡೀತಿದೆ ಅನ್ಸತ್ತೆ, ನಮ್ಮಲ್ಲೋ ಮೇಲಿನ ಮನೇಲೋ."

"ಗೊತ್ತು. ನನಗೂ ಮೂಗಿದೆ," ಎಂದು ಕೋಕಿಲಮ್ಮ ಒಳಗಿಂದಲೇ ಹೇಳಿ ಒಲೆ ಸಣ್ಣ ಮಾಡುವರು.

ಮೂರೂವರೆ ವರ್ಷ ಹೀಗೆ ನಡೆಯಿತು. ಆದರೆ ಉಪ್ಪಿನ ವಾಸನೆಯನ್ನು ಕುರ್ಚಿಯಿಂದ ಹಿಡಿಯುವಷ್ಟು ಮೇಷ್ಟರ ಮೂಗು ಎಂದೂ ಬೆಳೆಯಲಿಲ್ಲ.

ಆ ಬುಧವಾರವೇ ಸಂಜೆ ಚಾಮರಾಜಪೇಟೆಯಿಂದ ಅಕ್ಷಯಾ ಬಂದಳು. ಕೋಕಿಲಮ್ಮನ ಅಣ್ಣನ ಮಗಳು. ಮಲ್ಲೇಶ್ವರದ ಆಚೆಗಿನ ಒಂದು ಸಂಶೋಧನಾಲಯದಲ್ಲಿ ಭತ್ತದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಐದನೆಯ ವರ್ಷ. ಯಾವಾಗ ಮುಗಿಯುತ್ತೆ ಎಂದು ಕೇಳುವುದನ್ನು ಮನೆಯವರು ಮೂರನೆಯ ವರ್ಷಕ್ಕೇ ನಿಲ್ಲಿಸಿದ್ದರು.

"ಅತ್ತೆ, ನಿಮ್ಮ ಮೂಗು ಬೇಕು," ಎಂದಳು, ಚಪ್ಪಲಿ ಬಿಡುವಷ್ಟರಲ್ಲೇ.

ಕೋಕಿಲಮ್ಮ ಕೈಯಲ್ಲಿದ್ದ ಕಾಫಿ ಲೋಟವನ್ನು ಅವಳಿಗೆ ಕೊಟ್ಟರು. ಮೇಷ್ಟರು ಓದುತ್ತಿದ್ದ ಪೇಪರ್ ಮಡಿಸಿದರು.

"ಭತ್ತದ ಗಿಡದೊಳಗೆ ಒಂದು ಎನ್‌ಜೈಮ್ ಇದೆ," ಎಂದು ಅಕ್ಷಯಾ ವಿವರಿಸಿದಳು. "ಅದರ ಕೆಲಸ ಒಂದು ಪದಾರ್ಥನ ಇನ್ನೊಂದು ಪದಾರ್ಥ ಮಾಡೋದು, ಅಷ್ಟೇ. ನಾವು ಅದರ ಜೀನ್‌ನ ಕತ್ತರಿಸಿ ಆ ಕೆಲಸ ನಿಲ್ಲಿಸಿದೀವಿ. ಈಗ ಆ ಪದಾರ್ಥ ಹೋಗೋಕೆ ದಾರಿ ಇಲ್ಲದೆ ಒಳಗೇ ಸೇರ್ಕೊಂಡು, ಬೇರೆ ದಾರಿ ಹಿಡಿಯತ್ತೆ. ಆ ದಾರಿ ಕೊನೇಲಿ ಸಿಗೋದು ಘಮ. ಬಾಸ್ಮತಿ ಥರ."

ಮೇಷ್ಟರು ಯೋಚಿಸಿದರು. "ಬಳೇಪೇಟೇಲಿ ಒಂದು ಗಲ್ಲಿ ಅಗೆದ್ರೆ ಕೈಗಾಡಿಗಳೆಲ್ಲ ಪಕ್ಕದ ಗಲ್ಲಿಗೆ ನುಗ್ತವಲ್ಲ, ಹಾಗೆ."

"ಅದೇ ಮಾಮ. ಆ ಪಕ್ಕದ ಗಲ್ಲಿ ಅಂಗಡಿಯವರ ಗತಿ ಏನಾಗತ್ತೆ ಅನ್ನೋದೇ ನನ್ನ ಥೀಸಿಸ್ಸು. ಘಮ ಒಂದೇ ಅಲ್ಲ, ಗಿಡದಲ್ಲಿ ಇನ್ನೂ ಏನೇನೋ ಏರುಪೇರಾಗಿದೆ."

"ನಮ್ಮ ಕಾಲದಲ್ಲಿ ಘಮಘಮ ಅಕ್ಕಿ ಇರ್ಲಿಲ್ವೇನೇ? ಅದಕ್ಕೆ ಯಾರು ಕತ್ತರಿ ಹಾಕಿದ್ರು?" ಎಂದರು ಭಾಗೀರಥಮ್ಮ.

"ಅಂಥ ಎಷ್ಟೋ ಹಳೇ ತಳಿಗಳಲ್ಲಿ ಇದೇ ಜೀನ್ ಯಾವ ಕಾಲದಲ್ಲೋ ತಾನಾಗೇ ಕೆಟ್ಟಿರತ್ತೆ ಅಜ್ಜಿ."

"ಕೆಟ್ಟಿದ್ದಕ್ಕೇ ಘಮ ಬಂತು ಅನ್ನು," ಎಂದು ಭಾಗೀರಥಮ್ಮ ತಮ್ಮ ಬದುಕಿನಲ್ಲಿ ಕಂಡ ಯಾರನ್ನೋ ನೆನೆಸಿಕೊಂಡವರಂತೆ ತಲೆದೂಗಿದರು.

ಘಮ ಎಷ್ಟಿದೆಯೆಂದು ಮೆಷೀನು ಹೇಳುತ್ತದೆ, ಆದರೆ ಮನುಷ್ಯರಿಗೆ ಅದು ಗೊತ್ತಾಗುತ್ತದೆಯೇ ಎಂದು ಮನುಷ್ಯರೇ ಹೇಳಬೇಕು. ಗಿಡವನ್ನಾಗಲಿ ಕಾಳನ್ನಾಗಲಿ ಆವರಣದಿಂದ ಹೊರಗೆ ತರುವಂತಿಲ್ಲ, ಮೂಗುಗಳೇ ಅಲ್ಲಿಗೆ ಬರಬೇಕು. ಒಟ್ಟು ಹತ್ತು ಜನ ಬೇಕು, ಇನ್ನೂ ಇಬ್ಬರು ಕಮ್ಮಿ. ಎರಡು ವರ್ಷದ ಕೆಲಸ ಈ ಒಂದು ಪರೀಕ್ಷೆಯ ಮೇಲೆ ನಿಂತಿದೆ. ಇಷ್ಟನ್ನು ಅಕ್ಷಯಾ ಒಂದೇ ಉಸಿರಿಗೆ ಹೇಳಿದಳು. "ಒಂಬತ್ತು ಜನ ಹೇಗಾದ್ರೂ ಇರ್ಲಿ. ನಿಮ್ಮ ಮೂಗಿನ ಮೇಲೆ ನನಗೆ ಮೆಷೀನ್‌ಗಿಂತ ನಂಬಿಕೆ ಅತ್ತೆ."

"ಬರ್ತೀನಿ ಕಣೇ," ಎಂದರು ಕೋಕಿಲಮ್ಮ. ಯಾವುದಕ್ಕೂ ಇಷ್ಟು ಬೇಗ ಒಪ್ಪುವವರಲ್ಲ ಅವರು.

"ನಾನೂ ಬರ್ತೀನಿ," ಎಂದರು ಮೇಷ್ಟರು.

"ನೀವು ಯಾಕ್ರೀ?"

"ನಸ್ಯ ಬಿಟ್ಟಿದೀನಲ್ಲ."

ಶನಿವಾರ ಬೆಳಗ್ಗೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿದರು. ಸಂಪಿಗೆ ರಸ್ತೆಯವರೆಗೆ ಮೇಷ್ಟರು ಒಂದೇ ಲೆಕ್ಕ ಹಾಕಿದರು. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ, ಮೂವತ್ನಾಲ್ಕು ವರ್ಷವೂ ಪರೀಕ್ಷೆಯ ಮೇಲ್ವಿಚಾರಣೆ ಮಾಡಿದವರು ಅವರು. ಕಾಪಿ ಹೊಡೆಯುವ ಕಲೆಯಲ್ಲಿ ಅವರಿಗೆ ತಿಳಿಯದ್ದಿಲ್ಲ. ಅಂಗಿಯ ತೋಳು, ಜ್ಯಾಮಿಟ್ರಿ ಬಾಕ್ಸಿನ ತಳ, ಎಲ್ಲಕ್ಕಿಂತ ಸೊಗಸಾದದ್ದು ಕೆಮ್ಮು. ಉತ್ತರ ಒಂದಾದರೆ ಒಂದು ಕೆಮ್ಮು, ಎರಡಾದರೆ ಎರಡು. ಹಾಗೆ ಸಿಕ್ಕಿಬಿದ್ದವರ ಕಥೆಗಳನ್ನು ಪ್ರತಿ ಏಪ್ರಿಲ್‌ನಲ್ಲೂ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದ್ದರು. ಈಗ ಅವರು ಮಾಡಬೇಕಾದದ್ದು ಇಷ್ಟೇ: ಹೆಂಡತಿಯ ಪಕ್ಕದ ಜಾಗ ಹಿಡಿಯುವುದು, ಕೆಮ್ಮುವುದು. ಮೊದಲೇ ಹೇಳಿಬಿಡಬಹುದಿತ್ತು. ಆದರೆ ಹೇಳಬೇಕಾದರೆ ನಿನ್ನ ವಿಷಯ ನನಗೆ ಗೊತ್ತು ಎಂದೂ ಹೇಳಬೇಕು. ಅದು ಸಂಪಿಗೆ ರಸ್ತೆ ಬಂದರೂ ಬಾಯಿಗೆ ಬರಲಿಲ್ಲ.

ಕೋಕಿಲಮ್ಮ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಮದುವೆಗೆ ಉಡುವ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು.

ಸಂಶೋಧನಾಲಯದಲ್ಲಿ ಒಂದು ಉದ್ದ ಮೇಜಿಗೆ ಪ್ಲೈವುಡ್ ಅಡ್ಡ ಹಾಕಿ ಎರಡು ಗೂಡು ಮಾಡಿದ್ದರು. ಒಮ್ಮೆಗೆ ಇಬ್ಬರು. ಪ್ರತಿಯೊಬ್ಬರ ಮುಂದೆ ಎಂಟು ಮುಚ್ಚಿದ ಬಟ್ಟಲು. ಎಲೆಯನ್ನು ಸಣ್ಣಗೆ ಹೆಚ್ಚಿ ಕ್ಷಾರದ ತಿಳಿನೀರಿನಲ್ಲಿ ನೆನೆಸಿಟ್ಟದ್ದು. ಕೆಲವು ಕತ್ತರಿಸಿದ ಜೀನಿನ ಗಿಡದವು, ಕೆಲವು ಹಾಗೇ ಬಿಟ್ಟ ಗಿಡದವು. ಬಟ್ಟಲ ಮೇಲೆ ಅರ್ಥವಾಗದ ಮೂರಂಕಿಯ ಸಂಖ್ಯೆ. ಘಮ ಇಲ್ಲದಿದ್ದರೆ ಸೊನ್ನೆ, ಸ್ವಲ್ಪ ಇದ್ದರೆ ಒಂದು, ಚೆನ್ನಾಗಿದ್ದರೆ ಎರಡು, ಘಮ್ಮೆಂದರೆ ಮೂರು ಬರೆಯಬೇಕು. ಎರಡೆರಡು ನಿಮಿಷಕ್ಕೊಮ್ಮೆ ಅಕ್ಷಯಾ ಗಡಿಯಾರ ನೋಡಿ "ಮುಂದಿನದು" ಎನ್ನುತ್ತಾಳೆ. ಮಾತಾಡುವಂತಿಲ್ಲ.

ಕೆಮ್ಮುವಂತಿಲ್ಲ ಎಂದು ಹೇಳಲಿಲ್ಲ.

ಮೇಷ್ಟರು ಮೊದಲ ಬಟ್ಟಲ ಮುಚ್ಚಳ ಎತ್ತಿದರು. ಹಬ್ಬದ ದಿನ ಅನ್ನದ ತಪ್ಪಲೆಯ ತಟ್ಟೆ ಸರಿಸಿದಂಥ ಘಮ ಬಂತು. ಒಂದು ಕ್ಷಣ ಅವರಿಗೆ ತಮ್ಮ ಮೂಗಿನ ಮೇಲೆಯೇ ಅಭಿಮಾನ ಬಂತು. ಮೂರು ಕೆಮ್ಮು ಕೆಮ್ಮಿದರು.

ಪ್ಲೈವುಡ್ಡಿನ ಆಚೆ ಸ್ವಲ್ಪ ತಡೆದು ಪೆನ್ನು ಕಾಗದಕ್ಕೆ ತಾಗಿದ ಶಬ್ದ ಕೇಳಿತು.

ಮುಂದಿನದು. ಬರೀ ಹುಲ್ಲು. ಮೇಷ್ಟರು ಬಾಯಿ ಬಿಗಿಹಿಡಿದು ಕೂತರು. ಮುಂದಿನದು, ಎರಡು. ಆಮೇಲೆ ಎರಡು ಸಲ ಏನೂ ಇಲ್ಲ. ಮತ್ತೆ ಮೂರು, ಆಮೇಲೆ ಒಂದು, ಕೊನೆಗೆ ಮೂರು. ಒಟ್ಟು ಹನ್ನೆರಡು ಕೆಮ್ಮು. ಕೊನೆಯ ಹೊತ್ತಿಗೆ ನಿಜವಾದ ಕೆಮ್ಮೇ ಬಂದುಬಿಡುತ್ತದೆಂದು ಅವರು ಹೆದರಿದ್ದರು.

"ಮಾಮ, ನೀರು ಬೇಕಾ?" ಎಂದಳು ಅಕ್ಷಯಾ.

"ಧೂಳು," ಎಂದರು ಮೇಷ್ಟರು. ಆ ಕೋಣೆಯಲ್ಲಿ ಧೂಳಿನ ಕಣವೂ ಇರದಂತೆ ಲಕ್ಷಾಂತರ ರೂಪಾಯಿಯ ಯಂತ್ರವೊಂದು ಗುಂಯ್ ಎನ್ನುತ್ತಿತ್ತು.

ವಾಪಸ್ಸು ಶಂಕರಪುರಂ ತಲುಪಿ ಗೇಟು ತೆಗೆಯುವಾಗ ಕೋಕಿಲಮ್ಮ, "ಹಸಿ ಶುಂಠಿ ಕಷಾಯ ಮಾಡ್ಲಾ ನಿಮ್ಮ ಕೆಮ್ಮಿಗೆ?" ಎಂದು ಕೇಳಿದರು. ಮುಖದಲ್ಲಿ ಏನೂ ಇರಲಿಲ್ಲ. ಮಾಡಿ ಕೊಟ್ಟರು. ಮೇಷ್ಟರು ಕುಡಿದರು.

ಭಾನುವಾರ ಬೆಳಗ್ಗೆ ಭಾಗೀರಥಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಅಕ್ಷಯಾ ಬಂದಳು. ಚೀಲದಿಂದ ಎರಡು ಹಾಳೆ ತೆಗೆದು ಮೇಷ್ಟರ ಮುಂದಿಟ್ಟಳು.

"ಮಾಮ, ನಿಮ್ಮ ಹಾಳೇಲಿ ಮೂರು, ಸೊನ್ನೆ, ಎರಡು, ಸೊನ್ನೆ, ಸೊನ್ನೆ, ಮೂರು, ಒಂದು, ಮೂರು. ಅತ್ತೆ ಹಾಳೇಲೂ ಅದೇ."

"ಸರಿ ಇದ್ದಿದ್ದು ಇಬ್ಬರಿಗೂ ಸರಿ ಇರ್ಬೇಕಲ್ಲ," ಎಂದರು ಮೇಷ್ಟರು.

"ನಿಮ್ಮದು ಎಲ್ಲಾ ಸರಿ ಇದೆ. ಹತ್ತು ಜನದಲ್ಲಿ ನಿಮ್ಮದೇ ಮೊದಲನೇದು. ಆದ್ರೆ ಬಟ್ಟಲು ಇಟ್ಟಿರೋ ವರಸೆ ಒಬ್ಬೊಬ್ಬರಿಗೆ ಒಂದೊಂದು ಥರ ಮಾಮ. ಅತ್ತೆ ಮೊದಲನೇ ಬಟ್ಟಲಲ್ಲಿ ಎಲೆಯೇ ಇರ್ಲಿಲ್ಲ. ಬರೀ ನೀರು, ಪರೀಕ್ಷೆಗೆ ಅಂತ ಇಟ್ಟಿದ್ದು. ಅದಕ್ಕೆ ಮೂರು ಕೊಟ್ಟಿದಾರೆ."

ಮೇಷ್ಟರು ಹಾಳೆಗಳನ್ನೇ ನೋಡಿದರು. ಎ, ಬಿ, ಸಿ, ಡಿ ಎಂದು ನಾಲ್ಕು ಬಗೆಯ ಪ್ರಶ್ನೆಪತ್ರಿಕೆ ಮಾಡಿ, ಪಕ್ಕಪಕ್ಕದವರಿಗೆ ಬೇರೆ ಬೇರೆ ಹಂಚಿ, ಕೆಮ್ಮುವ ಹುಡುಗರು ಕೆಮ್ಮಿ ಕೆಮ್ಮಿ ಫೇಲಾಗುವುದನ್ನು ಕಿಟಕಿಯ ಹತ್ತಿರ ನಿಂತು ಸಂತೋಷದಿಂದ ನೋಡುತ್ತಿದ್ದ ಮನುಷ್ಯ ಅವರು. ಆ ಉಪಾಯವನ್ನು ಶಾಲೆಯಲ್ಲಿ ಜಾರಿಗೆ ತಂದವರೂ ಅವರೇ.

"ತಪ್ಪು ನನ್ನದು," ಎಂದರು. "ಅವಳಿಗೇನೂ ಗೊತ್ತಿಲ್ಲ. ನಾನೇ—"

"ಗೊತ್ತಿತ್ತು," ಎಂದರು ಕೋಕಿಲಮ್ಮ. ಅಡಿಗೆಮನೆಯ ಹೊಸಿಲ ಮೇಲೆ ನಿಂತಿದ್ದರು. "ಅಕ್ಷಯಾ, ನನಗೆ ವಾಸನೆ ಬರಲ್ಲ ಕಣೇ. ಕೋವಿಡ್ ಬಂದಾಗಿಂದ. ಅವತ್ತು ನೀನು ಕರೆದಾಗ್ಲೇ ಹೇಳ್ಬೇಕಿತ್ತು. ಮೆಷೀನ್‌ಗಿಂತ ನಂಬಿಕೆ ಅಂದ್ಯಲ್ಲ, ಬಾಯಿ ಬರ್ಲಿಲ್ಲ. ಅಲ್ಲಿ ಹೋಗಿ ಎಂಟಕ್ಕೂ ಸೊನ್ನೆ ಬರೆದು, ಕೆಳಗೆ ನಿಜ ಬರೆದು ಬರೋಣ ಅಂತಲೇ ಹೊರಟಿದ್ದೆ. ಅಷ್ಟರಲ್ಲಿ ಇವರು ಶುರು ಮಾಡಿದ್ರು."

"ಮತ್ತೆ ಯಾಕೆ ಬರೆದ್ರಿ ಅತ್ತೆ?"

"ಅವರು ಅಷ್ಟು ಕಷ್ಟಪಟ್ಟು ಕೆಮ್ತಿದ್ರೆ ಬರೀದೆ ಹೇಗೆ ಕೂರ್ಲಿ?"

ಅವರೆಕಾಳೊಂದು ಭಾಗೀರಥಮ್ಮನ ಕೈಯಿಂದ ಜಾರಿ ಹೊಸಿಲವರೆಗೆ ಉರುಳಿತು.

"ನನಗೆ ಗೊತ್ತು ಅಂತ ನಿನಗೆ ಯಾವಾಗ ಗೊತ್ತಾಯ್ತು?" ಎಂದರು ಮೇಷ್ಟರು.

"ನಸ್ಯ ಬಿಟ್ಟ ದಿನ. ಡಾಕ್ಟರು ಹೇಳಿದ್ರಂತೆ. ನಲವತ್ತು ವರ್ಷ ನಾನು ಹೇಳಿದ್ದಕ್ಕೆ ಬಿಡದೇ ಇದ್ದೋರು ಡಾಕ್ಟರ ಮಾತಿಗೆ ಬಿಡ್ತೀರಾ ನೀವು?"

ಮೇಷ್ಟರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಅದು ಚೊಕ್ಕಟವಾಗಿಯೇ ಇತ್ತು.

ಭಾಗೀರಥಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು. "ಮೂರೂವರೆ ವರ್ಷ ದಿನಾ ಕೂತು ಬೈದಿದೀನಿ ನಿನ್ನ. ಒಂದು ಮಾತು ಹೇಳೋಕೆ ಏನಾಗಿತ್ತೇ ನಿನಗೆ?"

"ಹೇಳಿದ್ರೆ ನೀವು ಬೈಯೋದು ನಿಲ್ಲಿಸ್ತಿದ್ರಿ ಅಕ್ಕ. ಇಂಗು ಜಾಸ್ತಿಯಾಗಿದ್ದು, ತುಪ್ಪ ಮುಗ್ಗಲಾಗಿದ್ದು ನನಗೆ ಇನ್ಯಾರು ಹೇಳ್ತಿದ್ರು? ಇವರು ಎಲ್ಲಾ ಚೆನ್ನಾಗಿದೆ ಅಂತಾರೆ."

ಎಂಬತ್ತೊಂದು ವರ್ಷದಲ್ಲಿ ತಮ್ಮ ನಾಲಿಗೆಯಿಂದ ಯಾರಿಗಾದರೂ ಉಪಕಾರವಾಗಿದೆ ಎಂದು ಭಾಗೀರಥಮ್ಮ ಕೇಳಿದ್ದು ಅದೇ ಮೊದಲು. ಆಮೇಲೆ, "ಬಾ ಇಲ್ಲಿ, ಕಾಯಿ ಸುಲಿ," ಎಂದು ಪಕ್ಕದಲ್ಲಿ ಜಾಗ ಮಾಡಿದರು. ಕೋಕಿಲಮ್ಮ ಹೋಗಿ ಕೂತರು.

"ನನ್ನ ಹೆಸರು ಹಾಕ್ತೀಯೇನೇ ಪುಸ್ತಕದಲ್ಲಿ?" ಎಂದು ಕೋಕಿಲಮ್ಮ ಕಾಯಿ ಸುಲಿಯುತ್ತ ಕೇಳಿದರು.

"ಹೆಸರು ಯಾರದ್ದೂ ಇರಲ್ಲ ಅತ್ತೆ. ನೀವು ಏಳನೇ ನಂಬರು. ನಿಮ್ಮ ಹಾಳೆ ಬಿಟ್ಟು, ಯಾಕೆ ಬಿಟ್ವಿ ಅಂತ ಕಾರಣ ಬರೀತೀನಿ. ಗೈಡ್‌ಗೂ ಹೇಳ್ತೀನಿ. ಮಾಮನ ಹಾಳೆ ಇಟ್ಕೋಬಹುದು ಅನ್ಸತ್ತೆ. ಅವರು ಕಾಪಿ ಕೊಟ್ರು, ಹೊಡೀಲಿಲ್ಲ."

"ನಾನು ಅಂಥವರನ್ನೂ ಹೊರಗೆ ಕಳಿಸ್ತಿದ್ದೆ," ಎಂದರು ಮೇಷ್ಟರು ಸಣ್ಣ ದನಿಯಲ್ಲಿ.

"ಅಂತೂ ನಿನ್ನ ಗಿಡ ಘಮ್ ಅಂತಲ್ಲ, ಮುಗೀತಲ್ಲ ಓದು?" ಎಂದರು ಭಾಗೀರಥಮ್ಮ.

"ಘಮ ಬಂತು ಅಜ್ಜಿ. ಆದ್ರೆ ಉಪ್ಪು ನೀರು ಹಾಕಿದ್ರೆ ನಮ್ಮ ಗಿಡ ಬೇರೆದಕ್ಕಿಂತ ಬೇಗ ಸೊರಗತ್ತೆ. ಆ ಕಡೆ ಕೊಟ್ಟಿದ್ದು ಈ ಕಡೆ ಕಮ್ಮಿ ಆಗಿದೆ."

"ಹಾಗಾದ್ರೆ ನಮ್ಮ ಮನೆ ಸಾರು ಅದಕ್ಕೆ ಹಾಕ್ಬೇಡಿ," ಎಂದರು ಭಾಗೀರಥಮ್ಮ.

ಮೊದಲು ನಕ್ಕವರು ಕೋಕಿಲಮ್ಮ.

ಮರುವಾರ ಅಕ್ಷಯಾ ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತಂದುಕೊಟ್ಟಳು. ಅಳೆದು ಹಾಕಿದರೆ ನಾಲಿಗೆಯೂ ಬೇಡ, ಮೂಗೂ ಬೇಡ. ಭಾಗೀರಥಮ್ಮ ಅದನ್ನು ದೂರದಿಂದ ಪರಿಶೀಲಿಸಿದರು.

"ಇದನ್ನ ತೊಳೆದು ಒಳಗೆ ತಗೊಂಡು ಹೋಗ್ಬಹುದಾ?"

"ನೀರು ತಾಗಿದ್ರೆ ಕೆಡತ್ತೆ ಅಜ್ಜಿ."

"ಹಾಗಾದ್ರೆ ಮಡಿಗೆ ಆಗಲ್ಲ. ಹೊಸಿಲಾಚೆ ಇರ್ಲಿ."

ಹಾಗಾಗಿ ತಕ್ಕಡಿ ಹೊಸಿಲಾಚೆ, ಮೇಷ್ಟರ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತಿತು. ದಿನಾ ಬೆಳಗ್ಗೆ ಮೇಷ್ಟರು ಸ್ನಾನ ಮಾಡಿ ಬಂದು ಬಾಳೆಲೆಯ ಚೂರಿನ ಮೇಲೆ ಉಪ್ಪು ತೂಗಿ ಹೊಸಿಲ ಮೇಲಿಡುತ್ತಾರೆ. ಕೋಕಿಲಮ್ಮ ಒಳಗಿನಿಂದ ಕೈ ಚಾಚಿ ತೆಗೆದುಕೊಳ್ಳುತ್ತಾರೆ. ಇಂಗಿನ ವಿಷಯವನ್ನು ಮೇಷ್ಟರು ಈಗ ಪೇಪರಿನ ಮರೆಯಿಂದ ಹೇಳುವುದಿಲ್ಲ, ನೇರವಾಗಿ ಹೇಳುತ್ತಾರೆ.

ಶೀನಣ್ಣನ ಆಟೋ ಮತ್ತೆ ಬರುತ್ತದೆ. ಇಬ್ಬರೂ ಹೋಗುತ್ತಾರೆ. ಮೇಷ್ಟರು ಕೊಪ್ಪರಿಗೆಯ ಪಕ್ಕ ನಿಂತು ಏನು ಬರುತ್ತಿದೆ, ಏನು ಬರುತ್ತಿಲ್ಲ ಎಂದು ಒಂದೊಂದಾಗಿ ವರದಿ ಒಪ್ಪಿಸುತ್ತಾರೆ. ಕೋಕಿಲಮ್ಮ ಕೇಳಿಸಿಕೊಂಡು ಏನು ಹಾಕಬೇಕೆಂದು ತೀರ್ಪು ಹೇಳುತ್ತಾರೆ.

ಅಕ್ಷಯಾಳ ಪ್ರಬಂಧ ಜೂನ್ ತಿಂಗಳಲ್ಲಿ ಒಪ್ಪಿಗೆಯಾಯಿತು. ಅದರಲ್ಲಿ ವಾಸನೆ ನೋಡಿದವರ ಸಂಖ್ಯೆ ಒಂಬತ್ತು ಎಂದಿದೆ. ಶಂಕರಪುರಂನ ಮನೆಯಲ್ಲಿ ಒಂದು ಲೀಟರ್ ಸಾರಿಗೆ ಹತ್ತು ಗ್ರಾಂ ಉಪ್ಪು ಹಾಕುತ್ತಾರೆ.